ಎರಡು ಬಕೆಟ್ ಕೆಂಪು ಹುಳ

ಮೊದಲು ಮೀನಿನ ಕಥೆ ಹೇಳಬೇಕು, ಇಷ್ಟೆಲ್ಲ ಶುರುವಾಗಿದ್ದೇ ಅದರಿಂದ. ಮಗನ ಹಟಕ್ಕೆ ಸೋತು ನಮ್ಮ ಉಪ್ಪುನೀರಿನ ಅಕ್ವೇರಿಯಂಗೆ ಒಂದು ಮ್ಯಾಂಡರಿನ್ ಮೀನು ತಂದೆವು. ನೀಲಿ ಮೈ, ಅದರ ಮೇಲೆ ಕಿತ್ತಳೆ ಸುರುಳಿ ಗೆರೆ. ಇಳಕಲ್ ಸೀರೆ ಉಟ್ಟ ಅವ್ವನ ಪಕ್ಕದಲ್ಲಿ ಇಟ್ಟರೂ ಮಂಕಾಗುವುದಿಲ್ಲ, ಅಷ್ಟು ಚೆಂದ. ಆದರೆ ಈ ಮೀನು ಒಣ ಆಹಾರವನ್ನು ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ. ಬೆಳಗಿನಿಂದ ಸಂಜೆವರೆಗೆ ಬಂಡೆಗಳನ್ನು ಕುಕ್ಕುತ್ತಾ ತಿರುಗುತ್ತದೆ. ಅದು ಹುಡುಕುವುದು ಕೋಪೆಪಾಡ್ ಅನ್ನೋ ಸಣ್ಣ ಹುಳಗಳನ್ನು. ಅದೂ ಜೀವಂತ ಇರಬೇಕು.

ನಮ್ಮ ತೊಟ್ಟಿ 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್. ಅದರ ಬಂಡೆಗಳಲ್ಲಿ ಇದ್ದ ಹುಳವೆಲ್ಲ ಮೂರೇ ವಾರದಲ್ಲಿ ಖಾಲಿ. ಮೀನಿನ ಹೊಟ್ಟೆ ಒಳಗೆ ಹೋಯಿತು. ಅಂಗಡಿಯಲ್ಲಿ ಕೋಪೆಪಾಡ್ ಬಾಟಲಿ ಸಿಗುತ್ತದೆ ನಿಜ, ಆದರೆ ವಾರಕ್ಕೊಂದು ಬಾಟಲಿ ಕೊಳ್ಳುತ್ತಾ ಹೋದರೆ ಮನೆಯ ತರಕಾರಿ ಖರ್ಚಿಗಿಂತ ಜಾಸ್ತಿಯಾಗುತ್ತದೆ. ಒಂದು ಬಾಟಲಿ ತಂದು ಅದನ್ನೇ ಬೆಳೆಸೋಣ ಅಂತ ಕೂತೆ. ನಾನು ಕೆಲಸ ಮಾಡೋದು ಸಾಫ್ಟ್‌ವೇರ್‌ನಲ್ಲಿ, ಮನೆ ಇರೋದು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ, ಹುಳ ಸಾಕಿ ಗೊತ್ತಿಲ್ಲ. ಎಮ್ಮೆ ಸಾಕಿದ ಮನೆಯಿಂದ ಬಂದವಳು ಅನ್ನೋದೊಂದೇ ಧೈರ್ಯ.

ಆ ಬಾಟಲಿಯಲ್ಲಿ ಇದ್ದದ್ದು ಟೈಗ್ರಿಯೋಪಸ್ ಕ್ಯಾಲಿಫೋರ್ನಿಕಸ್. ಉದ್ದ ಒಂದು ಮಿಲಿಮೀಟರ್‌ಗಿಂತ ಚೂರು ಜಾಸ್ತಿ. ಕೆಂಪು-ಕಿತ್ತಳೆ ಬಣ್ಣ. ಹಣೆಯ ನಡುವೆ ಒಂದೇ ಕಣ್ಣು. ಬೆಳಕಿಗೆ ಹಿಡಿದರೆ ಕುಂಕುಮದ ಪುಡಿಗೆ ಜೀವ ಬಂದ ಹಾಗೆ ಕಾಣುತ್ತದೆ, ಜರ್ಕ್ ಹೊಡೆದು ಹೊಡೆದು ಈಜುತ್ತದೆ. ಗ್ರೀಕ್ ಭಾಷೆಯಲ್ಲಿ ಕೋಪೆ ಅಂದರೆ ದೋಣಿಯ ಹುಟ್ಟು, ಪೋಡ್ ಅಂದರೆ ಕಾಲು. ಹುಟ್ಟುಗಾಲಿನ ಹುಳ. ಸಿಗಡಿ, ಏಡಿಗಳ ದೂರದ ನೆಂಟ.

ಸಾಮಾನು

5 ಗ್ಯಾಲನ್‌ನ ಎರಡು ಬಿಳಿ ಬಕೆಟ್, ಆಹಾರ ತುಂಬಲು ಬಳಸುವ ಜಾತಿಯದ್ದು. ಬಿಳಿ ಯಾಕೆ ಅಂದರೆ ಕೆಂಪು ಹುಳ ಎದ್ದು ಕಾಣುತ್ತದೆ. ಎರಡು ಯಾಕೆ ಅಂದರೆ ಒಂದು ಹಾಳಾದರೆ ಇನ್ನೊಂದಿರಲಿ ಅಂತ. ಆಗ ಸುಮ್ನೆ ಮುನ್ನೆಚ್ಚರಿಕೆ ಅಂದುಕೊಂಡಿದ್ದೆ, ಆಮೇಲೆ ಅದೇ ಮರ್ಯಾದೆ ಉಳಿಸಿತು. ಪ್ರತಿ ಬಕೆಟ್‌ಗೆ 12 ಲೀಟರ್ ನೀರು.

ಗಾಳಿಗೆ ಒಂದು ಸಣ್ಣ ಏರ್ ಪಂಪ್, ಎರಡು ಕಡೆಗೆ ಹಂಚಲು ಪುಟ್ಟ ನಲ್ಲಿಗಳು, ತುದಿಗೆ ಗಟ್ಟಿ ಪ್ಲಾಸ್ಟಿಕ್ ಕೊಳವೆ. ಏರ್ ಸ್ಟೋನ್, ಅಂದರೆ ಗಾಳಿಯನ್ನು ನವಿರು ಗುಳ್ಳೆ ಮಾಡುವ ತೂತುಗಳ ಕಲ್ಲು, ಹಾಕಬೇಡಿ. ಮೊದಲ ದಿನ ಹಾಕಿದೆ, ನೀರೆಲ್ಲ ಸೋಡಾ ಬಾಟಲಿ ಕುಲುಕಿದ ಹಾಗಾಯಿತು. ನವಿರು ಗುಳ್ಳೆಗಳು ಮರಿಗಳಿಗೆ ಅಂಟಿಕೊಂಡು ಅವನ್ನು ಮೇಲೆ ತೇಲಿಸಿ ನೊರೆಯಲ್ಲಿ ಸಿಕ್ಕಿಸುತ್ತವೆ. ಸೆಕೆಂಡಿಗೆ ಒಂದೋ ಎರಡೋ ದಪ್ಪ ಗುಳ್ಳೆ ಬಂದರೆ ಸಾಕು. ಗಾಳಿ ಬೇಕಿರುವುದು ನೀರು ಕದಲುತ್ತಾ ಇರಲಿ ಅಂತ, ಕುದಿಯಲಿ ಅಂತಲ್ಲ.

ನೀರಿಗೆ ಆರ್‌ಓ ಫಿಲ್ಟರ್‌ನ ನೀರು, ಅದಕ್ಕೆ ಅಕ್ವೇರಿಯಂ ಉಪ್ಪು ಲೀಟರ್‌ಗೆ 37 ಗ್ರಾಂ ಹತ್ತಿರ. ಅಡುಗೆ ಉಪ್ಪು ನಡೆಯುವುದಿಲ್ಲ, ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಇರುತ್ತದಲ್ವಾ. ಉಪ್ಪು ಅಳೆಯಲು ರಿಫ್ರ್ಯಾಕ್ಟೋಮೀಟರ್. ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದು ನೋಡುವುದು. ನಾನು ಅದನ್ನು ಬರೀ ಆರ್‌ಓ ನೀರಿನಲ್ಲಿ ಸೊನ್ನೆಗೆ ಹೊಂದಿಸಿ ಸುಮ್ಮನಾಗಿದ್ದೆ. 35ರ ಅಳತೆಯ, ಅಂದರೆ ಸಾವಿರ ಭಾಗಕ್ಕೆ 35 ಭಾಗ ಉಪ್ಪಿರುವ ದ್ರಾವಣ ತಂದು ನೋಡಿದರೆ ನನ್ನದು 32 ತೋರಿಸುತ್ತಿತ್ತು. ಸೊನ್ನೆಯ ಹತ್ತಿರ ಸರಿ ಇದ್ದದ್ದು ಮೇಲೆ ಹೋದ ಹಾಗೆ ತಪ್ಪುತ್ತದೆ. ನಿಮಗೆ ಬೇಕಾದ ಅಳತೆಯ ಹತ್ತಿರವೇ ಹೊಂದಿಸಿಕೊಳ್ಳಿ.

ಜರಡಿ ಮನೆಯಲ್ಲೇ ಮಾಡಿದೆ. 3 ಇಂಚಿನ ಪಿವಿಸಿ ಪೈಪಿನ ತುಂಡು, ಅದರ ಬಾಯಿಗೆ ನೈಲಾನ್ ಜಾಲರಿ ಬಿಗಿದು, ಮೇಲಿಂದ ಪೈಪ್ ಜೋಡಿಸುವ ಕಪ್ಲರ್ ಒತ್ತಿ ಕೂರಿಸುವುದು. ಮೊದಲು ಹಾಟ್ ಗ್ಲೂ ಹಾಕಿ ಅಂಟಿಸಿದ್ದೆ, ವಾರದಲ್ಲಿ ಕಿತ್ತು ಬಂತು. ಕಪ್ಲರ್‌ನಿಂದ ಬಿಗಿದರೆ ಅಂಟೇ ಬೇಡ. ಆದರೆ ಜಾಲರಿ ಮತ್ತು ಪೈಪಿನ ನಡುವಿನ ಸಣ್ಣ ಸಂದಿಯಲ್ಲಿ ಹುಳ ಹೋಗಿ ಸಿಕ್ಕಿ ಸಾಯುತ್ತವೆ. ಅಲ್ಲಿಗೆ ಅಕ್ವೇರಿಯಂ ಸಿಲಿಕೋನ್ ತೆಳ್ಳಗೆ ಎಳೆದು ಒಂದು ದಿನ ಒಣಗಲು ಬಿಟ್ಟೆ. ಎರಡು ಜರಡಿ ಆದವು: 200 ಮೈಕ್ರಾನ್‌ನದ್ದು ದೊಡ್ಡವನ್ನು ಹಿಡಿಯಲು, 50 ಮೈಕ್ರಾನ್‌ನದ್ದು ಮರಿ ಹಿಡಿಯಲು. ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್.

ಜರಡಿ ಮಾಡುವಾಗ ಅವ್ವನ ಜೊತೆ ವಿಡಿಯೋ ಕಾಲ್‌ನಲ್ಲಿದ್ದೆ. ರಾಯಚೂರು ಕಡೆಯ ನಮ್ಮ ಊರಲ್ಲಿ ಆಗ ರಾತ್ರಿ ಒಂಬತ್ತು. ಏನು ಸೋಸುತ್ತೀ ಅಂದಳು. ಹೇಳಿದೆ. ಒಂದು ಕಣ್ಣಿನ ಹುಳ, ನೀರಲ್ಲಿರುತ್ತೆ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು. ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಯವ್ವಾ, ಅದು ನಾರುಹುಣ್ಣಿನ ಹುಳ ಅಲ್ಲೇನ? ಅದನ್ನ ಸೋಸಿ ಚೆಲ್ಲಾಕ ನಾವು ಎಷ್ಟು ಒದ್ದಾಡೀವಿ. ನೀ ರೊಕ್ಕ ಕೊಟ್ಟು ತಂದು ಸಾಕಾಕತ್ತೀಯೇನು?"

ಅವ್ವ ಹೇಳಿದ್ದು ಪೂರ್ತಿ ತಪ್ಪಲ್ಲ. ಸಿಹಿನೀರಿನ ಸೈಕ್ಲಾಪ್ಸ್ ಕೂಡ ಕೋಪೆಪಾಡೇ. ನಾರುಹುಣ್ಣಿನ ಹುಳದ ಮರಿಯನ್ನು ಅದು ನುಂಗುತ್ತದೆ, ಆ ನೀರನ್ನು ಮನುಷ್ಯರು ಕುಡಿಯುತ್ತಾರೆ. ಒಂದು ವರ್ಷದ ಮೇಲೆ ಕಾಲಿನಲ್ಲಿ ಬೊಬ್ಬೆ ಎದ್ದು, ಅದು ಒಡೆದು, ಮೊಳಕ್ಕಿಂತ ಉದ್ದದ ದಾರದಂಥ ಹುಳ ಹೊರಗೆ ಬರುತ್ತದೆ. ಉರಿ ತಾಳಲಾರದೆ ಕಾಲನ್ನು ಮೆಟ್ಟಿಲು ಬಾವಿಯ ನೀರಿಗೆ ಇಳಿಬಿಟ್ಟರೆ ಹುಳ ಮತ್ತೆ ಮರಿಗಳನ್ನು ಬಿಡುತ್ತದೆ. ಸುತ್ತು ಪೂರ್ತಿ. ಅದಕ್ಕೇ ಇಳಿದು ನೀರು ತರುವ ಬಾವಿಗಳಿದ್ದ ಊರುಗಳಲ್ಲಿ ಅದು ಜಾಸ್ತಿ. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣು ಮುಕ್ತ ಅಂತ ಘೋಷಿಸಿತು. ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ ಆ ರೋಗಕ್ಕೆ. ಹೋಗಿದ್ದು ಮುಖ್ಯವಾಗಿ ನೀರು ಸೋಸಿ, ಬಾವಿಗೆ ಇಳಿಯೋದನ್ನು ನಿಲ್ಲಿಸಿ, ಬೋರ್‌ವೆಲ್ ಕೊರೆದು, ಸೈಕ್ಲಾಪ್ಸ್ ಸಾಯಲು ನೀರಿಗೆ ಮದ್ದು ಹಾಕಿ. ಸೋಸಲು 100 ಮೈಕ್ರಾನ್ ಆಸುಪಾಸಿನ ನೈಲಾನ್ ಜಾಲರಿ ಸಾಕಾಗುತ್ತಿತ್ತು. ನನ್ನ ಎರಡು ಜರಡಿಗಳ ನಡುವಿನ ಅಳತೆ.

ನನ್ನದು ಬೇರೆ ಜಾತಿ, ಉಪ್ಪುನೀರಿನದ್ದು, ಇದರಿಂದ ಯಾವ ರೋಗವೂ ಬರುವುದಿಲ್ಲ ಅಂದೆ. ಅವ್ವ ನಂಬಲಿಲ್ಲ. ಕೈ ತೊಳಕೋ ಅಂದಳು.

ದಿನ 1

ಬಾಟಲಿಯನ್ನು ಬಿಳಿ ತಟ್ಟೆಗೆ ಸುರಿದು ನೋಡಿದೆವು. ಅರ್ಧ ಒಂದು ಬಕೆಟ್‌ಗೆ, ಇನ್ನರ್ಧ ಇನ್ನೊಂದಕ್ಕೆ. ಗ್ಯಾರೇಜಿನಲ್ಲಿ 19 ಡಿಗ್ರಿ. ಹೀಟರ್ ಹಾಕಲಿಲ್ಲ, ಈ ಹುಳಕ್ಕೆ ಬೇಕಿಲ್ಲ.

ಊಟಕ್ಕೆ ಹಸಿರು ಪಾಚಿ, ಟೆಟ್ರಾಸೆಲ್ಮಿಸ್ ಅಂತ ಹೆಸರು. ಅದನ್ನೂ ನಾನೇ ಬೆಳೆಸಬೇಕು. ಎರಡು ಲೀಟರಿನ ನಾಲ್ಕು ಪಾರದರ್ಶಕ ಬಾಟಲಿ, ಉಪ್ಪುನೀರು, ಎಫ್/2 ಅನ್ನೋ ಗೊಬ್ಬರ, ಎಲ್‌ಇಡಿ ದೀಪ ದಿನಕ್ಕೆ 16 ಗಂಟೆ, ಜೋರು ಗಾಳಿ. ಇಲ್ಲಿ ಗಾಳಿ ಜೋರಾಗಿಯೇ ಬೇಕು, ಇಲ್ಲದಿದ್ದರೆ ಪಾಚಿ ತಳಕ್ಕೆ ಕೂರುತ್ತದೆ. ವಾರ ಹತ್ತು ದಿನಕ್ಕೆ ನೀರು ಕಡು ಹಸಿರಾಗುತ್ತದೆ. ಅರ್ಧ ತೆಗೆದು ಹುಳಕ್ಕೆ, ಉಳಿದರ್ಧಕ್ಕೆ ಮತ್ತೆ ನೀರು ಗೊಬ್ಬರ. ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೇ. ಒಂದು ಸಣ್ಣ ಬಾಟಲಿ ಪಾಚಿಯನ್ನು ಫ್ರಿಜ್‌ನಲ್ಲೂ ಇಟ್ಟೆ. ನಮ್ಮನೆಯವರು ಅದನ್ನು ಪುದೀನ ಚಟ್ನಿ ಅಂತ ತೆಗೆದರು. ಆಮೇಲೆ ಅದರ ಮೇಲೆ ಚೀಟಿ ಅಂಟಿಸಿದೆ.

ಎಷ್ಟು ಹಾಕಬೇಕು ಅನ್ನೋದಕ್ಕೆ ನನ್ನ ಲೆಕ್ಕ ಇಷ್ಟೇ: ಬಕೆಟ್‌ನ ನೀರು ತೆಳು ಮಜ್ಜಿಗೆಗೆ ಕೊತ್ತಂಬರಿ ಅರೆದು ಹಾಕಿದ ಬಣ್ಣಕ್ಕೆ ಬರಬೇಕು. ಮತ್ತೆ ಹಾಕುವುದು ಆ ಬಣ್ಣ ಪೂರ್ತಿ ಹೋದ ಮೇಲೆ. ಬಣ್ಣ ಹೋಗಿಲ್ಲ ಅಂದರೆ ಹಾಕುವ ಹಾಗಿಲ್ಲ.

ದಿನ 12

ಜೋಡಿ ಜೋಡಿ ಕಾಣುತ್ತಿವೆ. ಮಗ ಒಂದರ ಮೇಲೊಂದು ಕೂತಿದೆ ಅಂತ ಕೂಗಿದ. ಭೂತಗನ್ನಡಿಯಲ್ಲಿ ನೋಡಿದರೆ ಗಂಡು ತನ್ನ ಮೀಸೆಯ ಕೊಕ್ಕೆಯಿಂದ ಹೆಣ್ಣನ್ನು ಹಿಡಿದುಕೊಂಡಿದೆ. ಆ ಹೆಣ್ಣು ಇನ್ನೂ ಬೆಳೆದಿರುವುದಿಲ್ಲ. ಅದು ಪ್ರಾಯಕ್ಕೆ ಬರುವವರೆಗೆ ದಿನಗಟ್ಟಲೆ ಹಿಡಿದುಕೊಂಡೇ ಈಜುತ್ತದೆ. ಹೆಣ್ಣು ಜೀವನದಲ್ಲಿ ಒಂದೇ ಸಲ ಕೂಡುತ್ತದೆ, ಆ ವೀರ್ಯವನ್ನು ಕೂಡಿಟ್ಟುಕೊಂಡು ಒಂದರ ಹಿಂದೊಂದು ಮೊಟ್ಟೆ ಚೀಲ ಕಟ್ಟುತ್ತದೆ. ಅದಕ್ಕೇ ಗಂಡಿಗೆ ಆ ಆತುರ. ಇದನ್ನೆಲ್ಲ ಹತ್ತು ವರ್ಷದ ಹುಡುಗನಿಗೆ ಎಷ್ಟು ಹೇಳಬೇಕೋ ಅಷ್ಟು ಹೇಳಿದೆ.

ಮೊಟ್ಟೆಯಿಂದ ಬರುವ ಮರಿಗೂ ದೊಡ್ಡದಕ್ಕೂ ಹೋಲಿಕೆಯೇ ಇಲ್ಲ. ದನದ ಮೈಮೇಲಿನ ಉಣ್ಣಿಯ ಹಾಗೆ ದುಂಡಗೆ ಇರುತ್ತದೆ. ನಾಪ್ಲಿಯಸ್ ಅನ್ನುತ್ತಾರೆ. ಅದು ಆರು ಹಂತ, ಆಮೇಲೆ ಕೋಪೆಪೋಡಿಡ್ ಅನ್ನೋ ಐದು ಹಂತ, ಪ್ರತಿ ಸಲವೂ ಹಾವಿನ ಹಾಗೆ ಪೊರೆ ಬಿಡುತ್ತದೆ. 20 ಡಿಗ್ರಿಯಲ್ಲಿ ಮೂರು ವಾರದ ಆಸುಪಾಸಿಗೆ ದೊಡ್ಡದಾಗುತ್ತದೆ.

ದಿನ 19

ಎಣಿಕೆ. ನೀರನ್ನು ಮೆಲ್ಲಗೆ ಕಲಕಿ, ಪಿಪೆಟ್‌ನಲ್ಲಿ 10 ಮಿಲಿ ತೆಗೆದು, ಬಿಳಿ ತಟ್ಟೆಗೆ ಬಿಟ್ಟು, ಮೂರು ಸಲ ಎಣಿಸಿ ಸರಾಸರಿ. 10 ಮಿಲಿಗೆ 4 ದೊಡ್ಡವು. ಬಕೆಟ್‌ಗೆ 4,800 ಅಂತಾಯಿತು. ಎರಡೂ ಬಕೆಟ್‌ನಲ್ಲಿ ಹೆಚ್ಚು ಕಡಿಮೆ ಇಷ್ಟೇ. ಖುಷಿಯಾಯಿತು. ಖುಷಿಯಾದಾಗಲೇ ಕೈ ಸುಮ್ಮನಿರುವುದಿಲ್ಲ.

ದಿನ 24

ಎರಡನೇ ಬಕೆಟ್‌ನ ತಳದಲ್ಲಿ ಕಂದು ಗಸಿ ಕೂತಿತ್ತು. ಅರ್ಧ ನೀರು ಬದಲಾಯಿಸೋಣ ಅಂದುಕೊಂಡೆ. ಆರ್‌ಓ ನೀರಿನ ಡ್ರಮ್ ಖಾಲಿ. ಅದು ತುಂಬಲು ಇಡೀ ದಿನ ಬೇಕು. ನಲ್ಲಿ ನೀರನ್ನೇ ಹಿಡಿದು, ಬಾಯಿ ತೆರೆದು, ಒಂದು ರಾತ್ರಿ ಇಟ್ಟೆ. ನಮ್ಮೂರಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದ ನೀರನ್ನು ಅವ್ವ ಕೊಡದಲ್ಲಿ ಹಾಗೇ ಇಡುತ್ತಿದ್ದಳು, ಬೆಳಿಗ್ಗೆ ವಾಸನೆ ಹೋಗಿರುತ್ತಿತ್ತು. ಅದೇ ನೆನಪು. ಮರುದಿನ ಉಪ್ಪು ಬೆರೆಸಿ, 35ಕ್ಕೆ ತಂದು, ಆರು ಲೀಟರ್ ಸುರಿದೆ. ಎಲ್ಲ ಅಳತೆ ಸರಿ ಇತ್ತು. ನೀರು ಫಳಫಳ.

ಬೆಳಿಗ್ಗೆ ನೋಡಿದರೆ ಬಕೆಟ್‌ನ ತಳದಲ್ಲಿ ಕೆಂಪು ರಂಗೋಲಿ ಪುಡಿ ಚೆಲ್ಲಿದ ಹಾಗಿತ್ತು. ಯಾವುದೂ ಅಲ್ಲಾಡುತ್ತಿಲ್ಲ. ಹಾಕಿದ ಪಾಚಿಯೂ ಪೇಲವವಾಗಿ ತಳಕ್ಕಿಳಿದಿತ್ತು. ಆಫೀಸಿನ ಮೀಟಿಂಗ್ ಇತ್ತು, ಕ್ಯಾಮೆರಾ ಆಫ್ ಮಾಡಿ ಗ್ಯಾರೇಜಿನಲ್ಲೇ ಕೂತಿದ್ದೆ.

ಮೊದಲ ಬಕೆಟ್ ಮುಟ್ಟಿರಲಿಲ್ಲ. ಅದರಲ್ಲಿ ಎಲ್ಲ ಆರಾಮಾಗಿದ್ದವು.

ಆರು ಲೋಟದ ಪರೀಕ್ಷೆ

ಅನುಮಾನ ಮೂರು: ಉಪ್ಪು ಹೆಚ್ಚುಕಡಿಮೆ ಆಯಿತಾ, ತಂಪು-ಬಿಸಿ ಹೆಚ್ಚುಕಡಿಮೆ ಆಯಿತಾ, ನಲ್ಲಿ ನೀರೇ ವಿಷವಾ. ಊಹೆ ಮಾಡುತ್ತಾ ಕೂರುವ ಬದಲು ಆರು ಗಾಜಿನ ಲೋಟ ಸಾಲಾಗಿಟ್ಟು, ಮೊದಲ ಬಕೆಟ್‌ನಿಂದ ತಲಾ 20 ಹುಳ ಬಿಟ್ಟೆ. ಎಣಿಸಿದ್ದು ಮಗ, ಹೊಸ ಪೆನ್ಸಿಲ್ ಬಾಕ್ಸ್ ಕೊಡಿಸುವ ಕರಾರಿನ ಮೇಲೆ.

ಆರ್‌ಓ ನೀರು, 35 ಉಪ್ಪು: ಮರುದಿನ 20ಕ್ಕೆ 20 ಬದುಕಿದ್ದವು. ಆರ್‌ಓ ನೀರು, ಅರ್ಧ ಉಪ್ಪು: 19. ಆರ್‌ಓ ನೀರು, ಒಂದೂವರೆ ಪಟ್ಟು ಉಪ್ಪು: ಹಾಕಿದ ಕೂಡಲೇ ಎಲ್ಲ ತಳಕ್ಕೆ ಬಿದ್ದು ಸತ್ತ ಹಾಗೆ ಮಲಗಿದವು, ಮಗ ಅಳುವುದೊಂದು ಬಾಕಿ. ಸಂಜೆಗೆ ಒಂದೊಂದೇ ಕದಲತೊಡಗಿದವು, ಬೆಳಿಗ್ಗೆ 19. ಬಿಸಿಲಿಗೆ ಇಟ್ಟು 30 ಡಿಗ್ರಿಗೆ ಏರಿಸಿದ್ದು: 20. ರಾತ್ರಿಯಿಡೀ ತೆರೆದಿಟ್ಟ ನಲ್ಲಿ ನೀರು, 35 ಉಪ್ಪು: 3. ಅದೇ ನಲ್ಲಿ ನೀರಿಗೆ ಕ್ಲೋರಿನ್ ತೆಗೆಯಲು ಅಕ್ವೇರಿಯಂನವರು ಬಳಸುವ ಥಿಯೋಸಲ್ಫೇಟ್ ಹಾಕಿದ್ದು: 18.

ಕಳ್ಳ ಸಿಕ್ಕಿದ. ಕ್ಲೋರಿನ್ ಅಲ್ಲ, ಕ್ಲೋರಮೈನ್. ಕ್ಲೋರಿನ್ ಮತ್ತು ಅಮೋನಿಯಾ ಸೇರಿಸಿ ಮಾಡುವ ಸೋಂಕುನಾಶಕ ಅದು. ಉದ್ದದ ಪೈಪುಗಳಲ್ಲಿ ಹೋಗುವಾಗ ಬೇಗ ಕರಗಿ ಹೋಗದೆ ಉಳಿಯಲಿ ಅಂತಲೇ ಅದನ್ನು ಬಳಸುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ನೀರಿಗೆ 2004ರಿಂದ ಅದೇ. ಕ್ಲೋರಿನ್ ರಾತ್ರಿ ಬೆಳಗಾಗುವಷ್ಟರಲ್ಲಿ ಗಾಳಿಗೆ ಹೋಗುತ್ತದೆ, ಕ್ಲೋರಮೈನ್ ಹೋಗುವುದಿಲ್ಲ. ಮನುಷ್ಯರು ಕುಡಿದರೆ ಏನೂ ಆಗುವುದಿಲ್ಲ, ಹೊಟ್ಟೆಯಲ್ಲಿ ಒಡೆದುಹೋಗುತ್ತದೆ. ಮೀನಿಗೆ ಹಾಗಲ್ಲ, ಕಿವಿರಿನಿಂದ ಸೀದಾ ರಕ್ತಕ್ಕೆ ಇಳಿಯುತ್ತದೆ. ಹುಳಗಳಿಗೂ ಅದು ವಿಷವೇ. ನಮ್ಮೂರಿನ ಕೊಡದ ಬುದ್ಧಿ ಇಲ್ಲಿಯ ನಲ್ಲಿಗೆ ನಡೆಯಲಿಲ್ಲ.

ಥಿಯೋಸಲ್ಫೇಟ್ ಹಾಕಿದರೆ ಆಯಿತಲ್ಲ ಅನ್ನಬೇಡಿ. ಅದು ಕ್ಲೋರಿನ್ ಭಾಗವನ್ನು ಮುಗಿಸುತ್ತದೆ, ಅಮೋನಿಯಾ ನೀರಲ್ಲೇ ಉಳಿಯುತ್ತದೆ. ಒಂದು ದಿನದ ಲೋಟದಲ್ಲಿ ನಡೆದದ್ದು ತಿಂಗಳಗಟ್ಟಲೆ ಬಕೆಟ್‌ನಲ್ಲಿ ನಡೆಯುತ್ತದೆ ಅಂತಿಲ್ಲ. ನಾನು ಎರಡನೇ ಡ್ರಮ್ ತಂದು ಆರ್‌ಓ ನೀರು ಯಾವಾಗಲೂ ಉಳಿಯುವ ಹಾಗೆ ಮಾಡಿದೆ. ಡ್ರಮ್‌ಗೆ ಫ್ಲೋಟ್ ವಾಲ್ವ್ ಹಾಕಿದ್ದರಿಂದ ತುಂಬಿ ಚೆಲ್ಲುವ ಭಯವೂ ಇಲ್ಲ.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಆ ಮೂರನೇ ಲೋಟ. ಒಂದೂವರೆ ಪಟ್ಟು ಉಪ್ಪಿನಿಂದ ಎದ್ದು ಬಂದ ಪ್ರಾಣಿ, ನಾನು ಕುಡಿಯುವ ನೀರಲ್ಲಿ ಸತ್ತಿತು. ಅದು ಹೇಗೆ ಅಂತ ನೋಡಲು ಒಂದು ಶನಿವಾರ ಸ್ಯಾಂಟಾ ಕ್ರೂಜ್‌ಗೆ ಹೋದೆವು, ಅದರ ತವರಿಗೆ.

ಸ್ಯಾಂಟಾ ಕ್ರೂಜ್

ಟೈಗ್ರಿಯೋಪಸ್ ಹುಡುಕಲು ಸಮುದ್ರದ ಕಡೆ ನೋಡಬಾರದು, ಬೆನ್ನು ತಿರುಗಿಸಿ ಮೇಲೆ ನೋಡಬೇಕು. ಅಲೆ ಮುಟ್ಟುವ ಬಂಡೆಗಳಿಗಿಂತ ಮೇಲೆ, ದೊಡ್ಡ ಅಲೆ ಬಂದಾಗ ಮಾತ್ರ ನೀರು ಎರಚುವ ಜಾಗದಲ್ಲಿ ಸಣ್ಣ ಸಣ್ಣ ಕುಳಿಗಳಿರುತ್ತವೆ. ಕೆಲವು ಬೋಗುಣಿಯಷ್ಟು, ಕೆಲವು ಬಚ್ಚಲ ತೊಟ್ಟಿಯಷ್ಟು. ಒಂದು ಕುಳಿಯ ಅಂಚಿಗೆ ಬಿಳಿ ಉಪ್ಪು ಕಟ್ಟಿತ್ತು. ನೀರು ಉಗುರುಬೆಚ್ಚಗೆ. ತಳದ ಹಸಿರು ಪಾಚಿಯ ಮೇಲೆ ನೂರಾರು ಕೆಂಪು ಚುಕ್ಕೆ ಓಡಾಡುತ್ತಿದ್ದವು. ಮಗನ ನೆರಳು ಬಿದ್ದದ್ದೇ ತಡ, ಎಲ್ಲ ಸಂದಿಗೆ.

ಬಿಸಿಲಿಗೆ ಆ ನೀರು ಆರುತ್ತಾ ಉಪ್ಪಾಗುತ್ತದೆ, ಮಳೆ ಬಂದರೆ ಸಿಹಿಯಾಗುತ್ತದೆ, ರಾತ್ರಿ ತಣ್ಣಗಾಗುತ್ತದೆ. ಕೆಳಗಿನ ಕುಳಿಗಳಲ್ಲಿ ಇಷ್ಟು ಕಷ್ಟವಿಲ್ಲ, ಆದರೆ ಅಲ್ಲಿ ತಿನ್ನುವವರು ಇದ್ದಾರೆ. ಯಾರೂ ಬರಲಾರದ ಜಾಗದಲ್ಲಿ ಮನೆ ಕಟ್ಟಿದೆ ಇದು. ಹೊರಗೆ ಉಪ್ಪು ಏರಿದಾಗ ಜೀವಕೋಶದೊಳಗಿನ ನೀರು ಹೊರಗೆ ಹರಿದುಹೋಗಬೇಕು. ಅದನ್ನು ತಡೆಯಲು ಈ ಹುಳ ಪ್ರೋಲಿನ್, ಅಲನಿನ್ ಅನ್ನೋ ಅಮೈನೋ ಆಮ್ಲಗಳನ್ನು ಒಳಗೆ ರಾಶಿ ಹಾಕಿಕೊಳ್ಳುತ್ತದೆ. ಅದಕ್ಕೆ ಕೆಲವು ಗಂಟೆ ಬೇಕು. ನನ್ನ ಲೋಟದಲ್ಲಿ ಸಂಜೆಯವರೆಗೆ ಮಲಗಿದ್ದು ಅದಕ್ಕೇ. ಉಪ್ಪಿಗೆ ಅದರ ಹತ್ತಿರ ಹಳೆಯ ಉತ್ತರವಿತ್ತು. ಕ್ಲೋರಮೈನ್ ಯಾವ ಬಂಡೆಯ ಕುಳಿಗೂ ಬಂದಿರಲಿಲ್ಲ.

ಅಲ್ಲಿಂದ ಒಂದು ಹನಿಯನ್ನೂ ತರಲಿಲ್ಲ. ಈ ಕರಾವಳಿಯಲ್ಲಿ ಕುಳಿಗಳ ಜೀವಿಗಳನ್ನು ಹಿಡಿಯಲು ಕಟ್ಟುನಿಟ್ಟಿನ ನಿಯಮಗಳಿವೆ. ಇನ್ನೊಂದು ಕಾರಣವೂ ಇದೆ. ಒಬ್ಬ ಗೆಳತಿ ಹೇಳಿದ್ದಳು, ಬೇರೆ ಕಡೆಯ ಹುಳ ತಂದು ಬೆರೆಸು, ರಕ್ತ ಬದಲಾದರೆ ಸಂತಾನ ಗಟ್ಟಿಯಾಗುತ್ತೆ ಅಂತ. ಎಮ್ಮೆಗೆ ಸರಿ ಇರಬಹುದು, ಇದಕ್ಕಲ್ಲ. ಟೈಗ್ರಿಯೋಪಸ್ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಿಂದ ಅಲಾಸ್ಕಾವರೆಗೆ ಇದೆ, ಆದರೆ ಒಂದು ಬಂಡೆಸಾಲಿನದ್ದು ಇನ್ನೊಂದಕ್ಕೆ ಹೋಗುವುದು ಬಹಳ ಕಡಿಮೆ. ಲಾ ಹೋಯಾದ ಸ್ಕ್ರಿಪ್ಸ್ ಸಾಗರ ಸಂಸ್ಥೆಯಲ್ಲಿ ರಾನ್ ಬರ್ಟನ್ ಮತ್ತು ಜೊತೆಗಾರರು ದಶಕಗಳ ಕಾಲ ಇದನ್ನೇ ನೋಡಿದ್ದಾರೆ. ಕೆಲವು ಊರುಗಳ ಹುಳಗಳ ನಡುವೆ ಮೈಟೋಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಡಿಎನ್ಎ ನೂರಕ್ಕೆ 20ಕ್ಕಿಂತ ಜಾಸ್ತಿ ಬೇರೆ. ಅವನ್ನು ಬೆರೆಸಿದರೆ ಮೊದಲ ತಲೆಮಾರು ಚೆನ್ನಾಗಿಯೇ ಇರುತ್ತದೆ. ಎರಡನೆಯದು ಸೊರಗುತ್ತದೆ. ಮೈಟೋಕಾಂಡ್ರಿಯ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ, ಉಳಿದ ವಂಶವಾಹಿಗಳು ಮಾತ್ರ ಎರಡೂ ಕಡೆಯಿಂದ ಕಲಸಿಹೋಗಿರುತ್ತವೆ, ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುವುದಿಲ್ಲ. ಹಾಗಾಗಿ ಎರಡನೇ ಬಕೆಟ್ ತುಂಬಲು ಹೊಸ ಬಾಟಲಿ ಕೊಳ್ಳಲಿಲ್ಲ. ಮೊದಲ ಬಕೆಟ್‌ನದ್ದನ್ನೇ ಅರ್ಧ ಮಾಡಿದೆ.

ದಿನ 43

ಪಾಚಿಯ ಬಾಟಲಿ ನಾಲ್ಕೂ ಒಂದೇ ವಾರದಲ್ಲಿ ತಿಳಿಯಾದವು. ಪಾಚಿ ತಿನ್ನುವ ರೋಟಿಫರ್ ಅನ್ನೋ ಸೂಕ್ಷ್ಮಜೀವಿ ಹೊಕ್ಕಿದೆ. ಹುಳದ ಬಕೆಟ್‌ಗೆ ಹಾಕಿದ ಪಿಪೆಟ್ಟನ್ನೇ ಪಾಚಿಗೂ ಹಾಕಿದ್ದು ನಾನೇ. ಬಾಟಲಿಗಳನ್ನೆಲ್ಲ ಬ್ಲೀಚ್ ಹಾಕಿ ತೊಳೆದು, ಒಣಗಿಸಿ, ಫ್ರಿಜ್‌ನ "ಪುದೀನ ಚಟ್ನಿ"ಯಿಂದ ಮತ್ತೆ ಶುರು. ಪಾಚಿಯ ಪಿಪೆಟ್‌ಗೆ ಹಸಿರು ಟೇಪ್, ಹುಳದ್ದಕ್ಕೆ ಕೆಂಪು.

ಅಲ್ಲಿಯವರೆಗೆ ಹುಳಕ್ಕೇನು? ಇಡ್ಲಿಗಲ್ಲ, ಬ್ರೆಡ್‌ಗೆ ಹಾಕುವ ಯೀಸ್ಟ್. ಚಿಟಿಕೆ ಯೀಸ್ಟನ್ನು ಲೋಟ ನೀರಲ್ಲಿ ಕದಡಿ ಒಂದೊಂದು ಚಮಚ. ತಿನ್ನುತ್ತವೆ, ಮರಿಯೂ ಹಾಕುತ್ತವೆ. ಆದರೆ ಪಾಚಿಯ ಹಾಗೆ ಬಣ್ಣ ನೋಡಿ ಅಳೆಯಲು ಬರುವುದಿಲ್ಲ. ಪಾಚಿ ಜಾಸ್ತಿಯಾದರೆ ಅದು ಜೀವಂತ ಉಳಿದು ಆಮ್ಲಜನಕ ಕೊಡುತ್ತದೆ. ಯೀಸ್ಟ್ ಜಾಸ್ತಿಯಾದರೆ ಕೊಳೆಯುತ್ತದೆ. ಎರಡನೇ ವಾರದ ಹೊತ್ತಿಗೆ ನೀರಿನ ಮೇಲೆ ಬಿಳಿ ಪೊರೆ, ಹುಳಿ ಹಿಟ್ಟಿನ ವಾಸನೆ. ಆವತ್ತೇ ಅಳತೆ ಅರ್ಧಕ್ಕಿಳಿಸಿದೆ. ಇದೇ ವಾರ ಬಿರುಗಾಳಿಗೆ ಕರೆಂಟ್ ಹೋಗಿ, ಪಂಪ್ ನಿಂತು, ಬಕೆಟ್‌ನ ನೀರು ಕೊಳವೆಯಲ್ಲಿ ಹಿಂದೆ ಹರಿದು ಪಂಪ್‌ನೊಳಗೆ ತುಂಬಿತು. ಪಂಪ್ ನೆಲದ ಮೇಲಿತ್ತು, ಬಕೆಟ್ ಮೇಜಿನ ಮೇಲೆ. ಮೂರು ಲೀಟರ್ ಉಪ್ಪುನೀರು ಗ್ಯಾರೇಜಿನ ನೆಲಕ್ಕೆ. ಹೊಸ ಪಂಪ್, ಅದನ್ನು ಬಕೆಟ್‌ಗಿಂತ ಎತ್ತರದ ಶೆಲ್ಫ್‌ನಲ್ಲಿಟ್ಟೆ, ಕೊಳವೆಗೆ ನೀರು ಹಿಂದೆ ಬಾರದ ವಾಲ್ವ್ ಹಾಕಿದೆ. ಎರಡರಲ್ಲಿ ಒಂದು ಇದ್ದರೂ ಸಾಕು, ನಾನು ಎರಡೂ ಮಾಡಿದೆ.

ದಿನ 68

ಹೊಸ ತಲೆಮಾರಿನ ಹುಳಗಳಿಗೆ ಬಣ್ಣವಿಲ್ಲ. ಗಾಜಿನ ಹಾಗಿವೆ. ರೋಗ ಅಂದುಕೊಂಡು ಹೆದರಿದೆ. ಎಣಿಸಿದರೆ ಲೆಕ್ಕವೇನೂ ಕಮ್ಮಿ ಇಲ್ಲ, ಮೊಟ್ಟೆ ಚೀಲವೂ ಇದೆ.

ಈ ಕೆಂಪು ಅಸ್ಟಾಜಾಂತಿನ್ ಅನ್ನೋ ಬಣ್ಣದಿಂದ ಬರುವುದು. ಸಾಲ್ಮನ್ ಮೀನಿನ ಮಾಂಸದ ಬಣ್ಣವೂ ಅದೇ. ಹುಳ ಅದನ್ನು ಏನೂ ಇಲ್ಲದೆ ಮಾಡಿಕೊಳ್ಳಲಾರದು. ಪಾಚಿಯಲ್ಲಿರುವ ಹಳದಿ-ಕಿತ್ತಳೆ ಕೆರೊಟಿನಾಯ್ಡ್‌ಗಳನ್ನು ತಿಂದು, ಮೈಯೊಳಗೆ ಮಾರ್ಪಡಿಸಿ ಕೆಂಪು ಮಾಡಿಕೊಳ್ಳುತ್ತದೆ. ಬೇಕರಿ ಯೀಸ್ಟ್‌ನಲ್ಲಿ ಅದಿಲ್ಲ. ಯೀಸ್ಟ್ ತಿಂದು ಬೆಳೆದದ್ದಕ್ಕೆ ಬಣ್ಣವಿಲ್ಲ, ಅಷ್ಟೇ. ಅಷ್ಟರಲ್ಲಿ ಪಾಚಿ ಮತ್ತೆ ಕಡು ಹಸಿರಾಗಿತ್ತು. ಯೀಸ್ಟ್ ನಿಲ್ಲಿಸಿ ಪಾಚಿ ಕೊಟ್ಟೆ. ಮೊದಲು ಹೊಟ್ಟೆಯ ಒಳಗೊಂದು ಹಸಿರು ಗೆರೆ ಕಂಡಿತು, ಕೆಲವೇ ದಿನಗಳಲ್ಲಿ ಮೈ ಕೇಸರಿಗೆ ತಿರುಗಿತು. ಮಗನ ಶಾಲೆಯ ಸೈನ್ಸ್ ಪ್ರಾಜೆಕ್ಟ್ ಅಲ್ಲಿಗೆ ಮುಗಿಯಿತು, ಚಾರ್ಟ್ ಮಾತ್ರ ನಾನು ಬರೆಯಬೇಕಾಯಿತು.

ದಿನ 91

10 ಮಿಲಿಗೆ 27. ಎರಡೂ ಬಕೆಟ್‌ನಲ್ಲಿ. ಒಂದೊಂದರಲ್ಲಿ 32,000ದ ಮೇಲೆ.

ಈಗಿನ ಪದ್ಧತಿ ಹೀಗಿದೆ. ವಾರಕ್ಕೆ ಎರಡು ಸಲ, ಒಂದೊಂದು ಸಲ ಒಂದೊಂದು ಬಕೆಟ್‌ನಿಂದ ಮೂರು ಲೀಟರ್ ತೆಗೆದು ಜರಡಿ ಹಿಡಿಯುತ್ತೇನೆ. ಮೇಲೆ 200ರ ಜರಡಿ, ಕೆಳಗೆ 50ರದ್ದು. ಮೇಲಿನದರಲ್ಲಿ ಉಳಿದ ದೊಡ್ಡವು ಮೀನಿಗೆ, ಕೆಳಗಿನದರಲ್ಲಿ ಉಳಿದ ಮರಿಗಳು ವಾಪಸ್ ಬಕೆಟ್‌ಗೆ. ಸೋಸಿದ ನೀರನ್ನು ತೊಟ್ಟಿಗೆ ಹಾಕುವುದಿಲ್ಲ, ಅದರಲ್ಲಿ ಕೊಳೆ ಇರುತ್ತದೆ. ಬಕೆಟ್‌ಗೆ ಹೊಸ ಉಪ್ಪುನೀರು ಮೂರು ಲೀಟರ್. ನಡುವೆ ಆರಿದ್ದಕ್ಕೆ ಬರೀ ಆರ್‌ಓ ನೀರು, ಉಪ್ಪು ಆರಿಹೋಗುವುದಿಲ್ಲವಲ್ಲ. ತಳದ ಗಸಿಯನ್ನು ತಿಂಗಳಿಗೊಮ್ಮೆ ಸಣ್ಣ ಕೊಳವೆಯಿಂದ ಎಳೆಯುತ್ತೇನೆ, ಪೂರ್ತಿ ಅಲ್ಲ, ಅದರಲ್ಲೂ ಹುಳ ಇರುತ್ತವೆ.

ಒಂದು ಮಾತು ಹೇಳಿಬಿಡುತ್ತೇನೆ. ತೊಟ್ಟಿಯ ಬಂಡೆಗಳಲ್ಲಿ ನೆಲೆಯೂರಿ ತಾವಾಗೇ ಹೆಚ್ಚುವ ಹುಳ ಬೇಕು ಅಂದರೆ ಟೈಗ್ರಿಯೋಪಸ್ ಸರಿಯಾದ ಆಯ್ಕೆ ಅಲ್ಲ. ಇದು ದೊಡ್ಡದು, ಕೆಂಪು, ಬಯಲಲ್ಲಿ ಜರ್ಕ್ ಹೊಡೆಯುತ್ತಾ ಈಜುತ್ತದೆ. ತವರಿನ ಕುಳಿಯಲ್ಲಿ ಮೀನಿನ ಕಾಟವಿಲ್ಲ, ನೆರಳು ಬಿದ್ದಾಗ ಸಂದಿಗೆ ಓಡಿದರೂ ಸದಾ ಅಡಗಿಯೇ ಇರುವ ಚಾಳಿಯಿಲ್ಲ. ತೊಟ್ಟಿಗೆ ಬಿಟ್ಟದ್ದು ಹೆಚ್ಚಿನದು ಆವತ್ತೇ ಊಟವಾಗುತ್ತದೆ. ನೆಲೆಯೂರಲು ಟಿಸ್ಬೆ ಅನ್ನೋ ಸಣ್ಣ ಜಾತಿ ವಾಸಿ. ನನಗೆ ಬೇಕಿದ್ದದ್ದು ಬೆಳೆಸಲು ಗಟ್ಟಿಯಾದದ್ದು, ಮೀನಿನ ಕಣ್ಣಿಗೆ ಬೀಳುವಂಥದ್ದು. ಅದಕ್ಕೆ ಇದೇ ಸರಿ.

ಮ್ಯಾಂಡರಿನ್‌ನ ಹೊಟ್ಟೆ ಈಗ ದುಂಡಗಿದೆ.

ಕಳೆದ ಭಾನುವಾರ ಅವ್ವ ಮತ್ತೆ ವಿಡಿಯೋದಲ್ಲಿದ್ದಳು. ಫೋನನ್ನು ಶೆಲ್ಫ್‌ಗೆ ಒರಗಿಸಿಟ್ಟು ಸೋಸುತ್ತಿದ್ದೆ. ಅವ್ವ ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದಳು. ನೀರು ಮೆಲ್ಲಗೆ ಸುರೀ ಅಂದಳು, ಸರಿಯಾಗಿತ್ತು, ಜೋರಾಗಿ ಸುರಿದರೆ ಹುಳ ಜಾಲರಿಗೆ ಒತ್ತಿ ಸಾಯುತ್ತವೆ. ಆಮೇಲೆ ಆರೋಗ್ಯ ಇಲಾಖೆಯ ಅಕ್ಕ ಮನೆಮನೆಗೆ ಬಂದು ಹೇಳಿಕೊಟ್ಟದ್ದನ್ನು ಹೇಳಿದಳು. ಕೊಡದ ಬಾಯಿಗೆ ಬಟ್ಟೆ ಕಟ್ಟುವಾಗ ಮೇಲಿನ ಮಗ್ಗುಲಿಗೆ ಗುರುತು ಹಾಕಬೇಕಿತ್ತಂತೆ, ಕೆಂಪು ದಾರದ ಒಂದು ಹೊಲಿಗೆ. ನಾಳೆಯೂ ಅದೇ ಮಗ್ಗುಲು ಮೇಲೆ ಬರಬೇಕು. ತಿರುವಿ ಕಟ್ಟಿದರೆ ನಿನ್ನೆ ಸಿಕ್ಕ ಹುಳ ಇವತ್ತಿನ ಕುಡಿಯುವ ನೀರಿಗೆ ಬೀಳುತ್ತದೆ.

"ಹಿಂದ ಮುಂದ ನೋಡಿ ಹಾಕವ್ವ, ಉಲ್ಟಾ ಮಾಡಬ್ಯಾಡ," ಅಂದಳು.

ನಾನು ಜರಡಿ ಎತ್ತಿಕೊಂಡು ತೊಟ್ಟಿಯ ಹತ್ತಿರ ಹೋದೆ, ಫೋನ್ ಇನ್ನೊಂದು ಕೈಯಲ್ಲಿ. ಮೀನು ಗಾಜಿನ ಹತ್ತಿರ ಬಂದು ನಿಂತಿತ್ತು. ಅವ್ವ ನೋಡುತ್ತಿದ್ದ ಹಾಗೇ ಜರಡಿಯನ್ನು ಉಲ್ಟಾ ಮಾಡಿ ನೀರಿಗೆ ಅದ್ದಿದೆ.